ಕರಿಯನ ದಾರಿ

ನಾಯಿ ಸಾಕುವುದನ್ನು ನೋಡಬೇಕೆಂದರೆ ಬೆಳವಣಕಿಯ ಉಡಚವ್ವನ ಮನೆಗೆ ಹೋಗಬೇಕು. ಕೂಲಿಗೆ ಹೊರಡುವ ಮುನ್ನ ಬಡಿದ ಮೊದಲ ರೊಟ್ಟಿ ಅವಳ ಮುದಿ ನಾಯಿ ಕರಿಯನಿಗೆ. ಹಲ್ಲಿಲ್ಲದ ಅದಕ್ಕೆ ಮಜ್ಜಿಗೆಯಲ್ಲಿ ನೆನೆಸಿಟ್ಟು, ಕಿವಿಯ ಉಣ್ಣಿ ಕಿತ್ತು, "ಲಗೂನ ತಿನ್ನೋ ದೊರಿ, ನನಗ ಹೊತ್ತಾತು" ಎಂದು ಬೈಯುತ್ತಾಳೆ. ಕುರುಡು ನಾಯಿ ಎಡವೀತೆಂದು ನೀರಿನ ಹರವಿಯನ್ನಾಗಲಿ ಬೀಸುಕಲ್ಲನ್ನಾಗಲಿ ಒಂದು ಗೇಣೂ ಸರಿಸುವವಳಲ್ಲ. ಬೀಗರು ಬಂದು ಅಡ್ಡ ಮಲಗಿದರೆ ಅವರನ್ನೇ ಎಬ್ಬಿಸುತ್ತಾಳೆ: "ಏಳ್ರಿ, ಇದು ಕರಿಯನ ದಾರಿ." ಮೊನ್ನೆ ನರಗುಂದದಲ್ಲಿ ಬಂಡಾಯವೆದ್ದು, ಕುಂಪಣಿಯ ದಂಡು ಬರುತ್ತದೆಂದು ಊರಿಗೆ ಊರೇ ಚಕ್ಕಡಿ ಹೂಡಿತು. "ನಾಯೀನ್ನೂ ಹಾಕ್ಕೊಂಡು ಬಾ, ಯವ್ವಾ," ಎಂದು ನೆರೆಮನೆಯ ನಿಂಗಪ್ಪ ಕರೆದ. "ಹೊಸಾ ಜಾಗಾದಾಗ ಅವಗ ಇನ್ನೊಮ್ಮಿ ಕಣ್ಣು ಹೋದಂಗ ಆಗತೈತೋ, ಯಪ್ಪಾ," ಎಂದು ಉಡಚವ್ವ ನಾಳಿನ ರೊಟ್ಟಿಗೆ ಜೋಳ ಬೀಸಲು ಕುಳಿತಳು.