ಮೊಗಲಪ್ಪನ ಮಣ್ಣಿನ ಗೋಡೆ

ನ್ಯಾಲ್ಕಲ್ ಕಡೆಯ ಮೊಗಲಪ್ಪನಿಗೆ ಮಣ್ಣಿನ ಮರ್ಮ ಗೊತ್ತು ಎಂದು ಜನ ಹೊಗಳುತ್ತಾರೆ. ಮರ್ಮ ಎಂಥದ್ದು, ಬರೀ ರಟ್ಟೆ ಮುರಿಯುವ ದುಡಿತ. ಕೆಂಪು ಮಣ್ಣಿಗೆ ಹುಲ್ಲು ಬೆರೆಸಿ, ನೀರು ಬಿಟ್ಟು, ಎಂಟು ದಿನ ಕೊಳೆಸಿ, ಮೊಣಕಾಲಮಟ್ಟ ಇಳಿದು ತುಳಿಯುತ್ತಾನೆ. ಅವಸರ ಮಾಡಿದವರಿಗೆ, "ಎಂಟು ದಿನ ತಡೀಲಿಲ್ಲಂದ್ರ ಗ್ವಾಡಿ ಎಂಟು ವರ್ಷನೂ ನಿಲ್ಲಂಗಿಲ್ರಿ" ಎನ್ನುತ್ತಾನೆ.

ಇಪ್ಪತ್ತು ವರ್ಷ ಅವನನ್ನು ಯಾರೂ ಕರೆದಿರಲಿಲ್ಲ. ಊರೆಲ್ಲ ಸಿಮೆಂಟಿಗೆ ಮರುಳಾಗಿತ್ತು. ಆಮೇಲೆ ಹೈದರಾಬಾದಿನ ಉಮಾಕಾಂತ ಸಾಹೇಬರು ಕೊಹೀರ್ ಹತ್ತಿರ ಹೊಲ ಕೊಂಡು, ಮಣ್ಣಿನ ಮನೆಯೇ ಬೇಕೆಂದು ಹಟ ಹಿಡಿದರು. ಮೊಗಲಪ್ಪ ಕಟ್ಟಿಕೊಟ್ಟ. ಕಾರುಗಳಲ್ಲಿ ಜನ ಬಂದು ಗೋಡೆ ಸವರಿ, ಫೋಟೊ ತೆಗೆಸಿಕೊಂಡು ಹೋದರು.

ಅದೇ ವರ್ಷ ಮಗಳು ಶಿಲ್ಪಾರಾಣಿಯನ್ನು ನೋಡಲು ಮನೂರಿನ ತುಳಸಿರಾಮ ಮಗನೊಂದಿಗೆ ಬಂದ. ಹುಡುಗ ಒಪ್ಪಿದ, ಹುಡುಗಿಯೂ ಒಪ್ಪಿದಳು. ತುಳಸಿರಾಮ ಮಾತ್ರ ಮೊಗಲಪ್ಪನ ಮನೆಯ ಮಣ್ಣಿನ ಗೋಡೆ ನೋಡಿ ಮೂಗು ಮುರಿದ.

"ಮಣ್ಣಿನ ಮನ್ಯಾಗ ಬೀಗತನ ಹ್ಯಾಂಗ್ ಮಾಡಾಕ ಬರ್ತದ್ರಿ?"

ಇಲ್ಲೇ ಮೊಗಲಪ್ಪ ಎಡವಿದ. ಅವರನ್ನು ಆಟೊ ಹತ್ತಿಸಿ ಕೊಹೀರಿಗೆ ಕರೆದೊಯ್ದು, ತಾನು ಕಟ್ಟಿದ ಸಾಹೇಬರ ಮನೆ ತೋರಿಸಿದ. ತುಳಸಿರಾಮ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟ. ಕಟ್ಟೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡ.

"ಅರಮನಿ ಆಗ್ಯಾದ ನೋಡ್ರಿ!"

ಮೊಗಲಪ್ಪ ಉಬ್ಬಿಹೋದ. "ನಮ್ಮನಿ ಗ್ವಾಡಿನೂ ಇದೇ ಮಣ್ಣು, ಕಟ್ಟಿದ್ದೂ ಇದೇ ಕೈರಿ."

"ಇದು ಇದ್ದೋರ ಮಣ್ಣು," ಎಂದ ತುಳಸಿರಾಮ. "ನಿಮ್ದು ಇಲ್ದೋರ ಮಣ್ಣು. ಕೆಡವಿ ಸಿಮೆಂಟಿಂದು ಕಟ್ರಿ, ಆಮ್ಯಾಲ ಮಾತಾಡೂಣು."

ಹೆಂಡತಿ ಈಶಮ್ಮ ಬೇಡವೆಂದು ಅತ್ತಳು. ಮೊಗಲಪ್ಪ ಕೇಳಲಿಲ್ಲ, ಮಗಳ ಲಗ್ನಕ್ಕಿಂತ ಗೋಡೆ ದೊಡ್ಡದೇ? ಆದರೆ ಗೋಡೆ ಸುಲಭಕ್ಕೆ ಬೀಳಲಿಲ್ಲ. ಹಾರೆ ಹಾಕಿದರೆ ಹಾರೆಯೇ ಚಿಮ್ಮಿ ಬರುತ್ತಿತ್ತು. ಇಷ್ಟು ಗಟ್ಟಿ ಕಟ್ಟಿದ ತನ್ನ ಕೈಗೆ ತಾನೇ ಬೈದುಕೊಂಡ. ಹಾಗೆ ಬೈದುಕೊಂಡದ್ದಕ್ಕೆ ನಾಚಿಕೆಯಾಗಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಅರ್ಧ ಗೋಡೆ ಬಿದ್ದ ದಿನ ಮನೂರಿನಿಂದ ಸುದ್ದಿ ಬಂತು. ತುಳಸಿರಾಮ ತಾಂಡೂರಿನಲ್ಲಿ ಮಗನಿಗೆ ಹೆಣ್ಣು ಗೊತ್ತುಮಾಡಿದ್ದ. ಹೆಣ್ಣಿನವರದು ಸಿಮೆಂಟಿನ ಮನೆಯಂತೆ.

ಈಶಮ್ಮ ಕಣ್ಣೊರೆಸಿಕೊಂಡು ಎದ್ದಳು. "ಹೋಗ್ಲಿ ಬಿಡ್ರಿ. ಅರ್ಧ ಉಳದದ. ಮಣ್ಣು ಕಲಸ್ತೀನಿ, ತಿರುಗಿ ಏರಿಸ್ರಿ."

ಮೊಗಲಪ್ಪನಿಗೆ ಜೀವ ಬಂದಂತಾಯಿತು. ಹಾರೆ ಕೆಳಗಿಟ್ಟ.

ಶಿಲ್ಪಾರಾಣಿ ಅದನ್ನೆತ್ತಿ ಅಪ್ಪನ ಕೈಗೆ ಕೊಟ್ಟಳು.

"ಕೆಡವು ಯಪ್ಪಾ," ಎಂದಳು. "ಮುಂದ ನೋಡಾಕ ಬರೋರೂ ಇದೇ ಅಂತಾರ."