ವ್ಯಾಮಿ ಬಾರ್ ಒಲಿದ ಸಂಜೆ

ಎಂಬತ್ತರ ದಶಕದಲ್ಲಿ ಪುಣೆಯ ಒಂದು ಆರ್ಕೆಸ್ಟ್ರಾದಲ್ಲಿ ನಾನು ಗಿಟಾರ್ ನುಡಿಸುತ್ತಿದ್ದೆ. ಹೊಸದಾಗಿ ಬಂದ ಗಿಟಾರಿಗೆ ವ್ಯಾಮಿ ಬಾರ್ ಎಂಬ ಉಕ್ಕಿನ ಕಡ್ಡಿಯಿತ್ತು. ಅದನ್ನು ಒತ್ತಿದರೆ ತಂತಿ ಸಡಿಲಾಗಿ ಸ್ವರ ಜಾರುತ್ತದೆ, ಬಿಟ್ಟರೆ ಮರಳುತ್ತದೆ. ನಾನು ಒತ್ತಿದರೆ ಮಾತ್ರ ಇಡೀ ಗಿಟಾರೇ ಬೇಸೂರಾಗುತ್ತಿತ್ತು.

ಗಣೇಶೋತ್ಸವದ ಕಾರ್ಯಕ್ರಮದ ಹಿಂದಿನ ದಿನವೂ ತಾಲೀಮಿನಲ್ಲಿ ಹಾಗೇ ಆಯಿತು. ನಮ್ಮ ಗಾಯಕಿ, ಕಲಬುರಗಿಯ ಶಾಂತಕ್ಕ, ಹಾಡು ನಿಲ್ಲಿಸಿದರು.

"ಅದೇನ್ ನೀರ್ ಹೊಡಿಯೋ ಬೋರಿಂಗಿನ ಹಿಡಿಕಿ ಏನ್ರಿ, ಹಂಗ ಜಗ್ಗತೀರಿ? ನಾಳೆ ಮಂದಿ ಮುಂದ ನನ್ನ ಮರ್ಯಾದಿ ಹೋಗ್ತದ. ಕೈ ಸುಮ್ನ ಅದರ ಮ್ಯಾಲ ಇಡ್ರಿ, ಸಾಕು."

ಮರುದಿನ ಸಂಜೆ ಮಂಟಪದ ಮುಂದೆ ರಸ್ತೆ ತುಂಬ ಜನ. ಬಾರನ್ನು ಮುಟ್ಟುವುದೇ ಬೇಡ ಅಂದುಕೊಂಡಿದ್ದೆ. ಆದರೆ ಶಾಂತಕ್ಕ ಕೊನೆಯ ಸಾಲು ಮುಗಿಸಿ ನನ್ನತ್ತ ತಿರುಗಿ ನೋಡಿದರು. ತಂತಿ ಮೀಟಿ ಕೈಯನ್ನು ಬಾರಿನ ಮೇಲಿಟ್ಟೆ. ಒತ್ತಲು ಧೈರ್ಯ ಬರಲಿಲ್ಲ. ಹೆದರಿಕೆಗೆ ಕೈ ತಾನಾಗಿಯೇ ನಡುಗುತ್ತಿತ್ತು, ಅದರ ಜೊತೆಗೆ ಸ್ವರವೂ ಸಣ್ಣಗೆ ಅಲುಗುತ್ತ ಇಂಪಾಗಿ ನಿಂತಿತು. ಜನ ಚಪ್ಪಾಳೆ ತಟ್ಟಿದರು.

"ಒಂದ ದಿನದಾಗ ಹೆಂಗ ಕಲತ್ರಿ?" ಎಂದು ಶಾಂತಕ್ಕ ಕೇಳಿದರು.

"ಭಾಳ ಪ್ರ್ಯಾಕ್ಟೀಸ್ ಮಾಡೀನ್ರಿ, ಅಕ್ಕಾ" ಎಂದೆ.

ಮುಂದಿನ ಕಾರ್ಯಕ್ರಮದ ಹೊತ್ತಿಗೆ ಹೆದರಿಕೆ ಹೋಗಿತ್ತು, ನಡುಕವೂ ಹೋಗಿತ್ತು. ಅದನ್ನು ಬೇಕೆಂದಾಗ ಕೈಗೆ ತಂದುಕೊಳ್ಳಲು ನನಗೆ ಮತ್ತೊಂದು ವರ್ಷ ಹಿಡಿಯಿತು.