ಪತ್ರಿಕೆಯಲ್ಲಿ ಬಂದ ಅಕ್ಕನ ಸುದ್ದಿ

ಆಗ ಉಗಾರದಲ್ಲಿ ಕ್ರೈಸ್ತರೆಂದರೆ ನಮ್ಮವೇ ಹನ್ನೊಂದು ಮನೆ. ಕಬ್ಬಿನ ಹಂಗಾಮಿನಲ್ಲಿ ಊರೆಲ್ಲ ಕಾಕಂಬಿಯ ವಾಸನೆ ಹೊಡೆಯುತ್ತಿದ್ದ ಆ ದಿನಗಳಲ್ಲಿ, ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ಬರುತ್ತಿದ್ದ ಧರ್ಮಪ್ರಾಂತ್ಯದ ಪತ್ರಿಕೆಯೇ ನಮಗೆ ಬಂಧುಬಳಗ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಕಟ್ಟೆಯ ಮೇಲೆ ಚಹಾ, ಖಾರಿ ಬಿಸ್ಕೀಟು. ಅಂತೋಣಿ ಮಾಸ್ತರರು ಪತ್ರಿಕೆಯನ್ನು ಗಟ್ಟಿಯಾಗಿ ಓದುವರು. ಯಾವುದೋ ಊರಲ್ಲಿ ಯಾರದೋ ಮದುವೆ, ಇನ್ನಾರದೋ ಮರಣ. ಮುಖ ಕಾಣದವರಿಗೂ ನಾವು ಮರುಗುತ್ತಿದ್ದೆವು. ನಮ್ಮೂರಿನ ಸುದ್ದಿ ಮಾತ್ರ ಬರುತ್ತಿರಲಿಲ್ಲ. ಸುದ್ದಿ ಬರೆದು ಕಳಿಸುವ ಹೊಣೆ ಮಾಸ್ತರರದೇ. ಆದರೆ ಹನ್ನೊಂದು ಮನೆಯಲ್ಲಿ ಅಂಥದ್ದೇನು ನಡೆದೀತು?

ಒಮ್ಮೆ ಜ್ಞಾನೋಪದೇಶದ ತರಗತಿ ಮುಗಿಸಿ, ಖಾಲಿ ಅಂಚೆ ಕಾರ್ಡು ಹಿಡಿದು, "ಏನರ ಸುದ್ದಿ ಐತೇನವಾ ನಿಮ್ಮ ಮನ್ಯಾಗ?" ಎಂದು ನನ್ನನ್ನು ಕೇಳಿದರು. ನನಗಾಗ ಒಂಬತ್ತು ವರ್ಷ. ನಮ್ಮ ಮನೆತನದ ಹೆಸರನ್ನು ಆ ಕಟ್ಟೆಯ ಮೇಲೆ ಓದುವುದನ್ನು ಕೇಳಬೇಕೆಂಬ ಆಸೆ. "ನಮ್ಮ ಲೀನಕ್ಕ ಸಿಸ್ಟರ್ ಆಗ್ತಾಳಂತ್ರೀ," ಎಂದೆ.

ಸನ್ಯಾಸಿನಿಯಾಗುವ ಮಾತು ಅಕ್ಕ ಅಂದದ್ದು ನಿಜ. ಹಿಂದಿನ ದಿನ ಭಾಂಡೆ ತಿಕ್ಕುವ ಸರದಿಗೆ ಅವ್ವನ ಜೊತೆ ಜಗಳಾಡಿ, "ಇದಕ್ಕಿಂತ ಕಾನ್ವೆಂಟ್ ಸೇರೂದು ಪಾಡ!" ಎಂದು ಬೋಗುಣಿ ಕುಕ್ಕಿದ್ದಳು. ಆದರೆ ಅವಳ ಮನಸ್ಸೆಲ್ಲ ಮಿರಜಿನಲ್ಲಿತ್ತು. ಅಲ್ಲಿ ನರ್ಸಿಂಗ್ ಸೇರಲು ಅರ್ಜಿ ತುಂಬಿ, ಟ್ರಂಕಿನಲ್ಲಿಟ್ಟು, ಅಪ್ಪನ ಸಹಿಗೆ ಕಾಯುತ್ತಿದ್ದಳು. ಅದೂ ನನಗೆ ಗೊತ್ತಿತ್ತು.

ಸುದ್ದಿ ಮೂರು ಸಾಲು ಬಂತು. ಓದಿದ ಕೂಡಲೇ ಚಪ್ಪಾಳೆ. ಮಕ್ಕಳನ್ನು ಹೊಗಳಿ ಗೊತ್ತೇ ಇಲ್ಲದ ಅಪ್ಪ ಕಣ್ಣೊರೆಸಿಕೊಂಡರು. ಅಕ್ಕ ಖಾರಿ ಹಿಡಿದ ಕೈ ಇಳಿಸಿದಳು.

ಸಂಜೆಗೆ ಪಕ್ಕದ ಮನೆಯ ಪದ್ಮಾ ಆಯಿ ಬಂದರು. ಜೈನರ ಮನೆಯ ಹಿರಿಯಾಕೆ. ದೀಕ್ಷೆ ತೆಗೆದುಕೊಳ್ಳುವವರೆಂದರೆ ಅವರಿಗೆ ದೇವರ ಸಮಾನ. ಬಿಳಿ ಸೀರೆ, ಹಣ್ಣು ಅಕ್ಕನ ಮುಂದಿಟ್ಟು, "ಬಾಳ ಪುಣ್ಯಾ ಮಾಡೀರಿ. ಇಂಥಾ ಮಗಳು ಎಲ್ಲಾರ ಹೊಟ್ಟ್ಯಾಗ ಹುಟ್ಟಂಗಿಲ್ಲ," ಎಂದು ಅವಳಿಗೇ ಕೈಮುಗಿದರು. ಹದಿನೆಂಟರ ಹುಡುಗಿಗೆ ಎಪ್ಪತ್ತರ ಮುದುಕಿ ಕೈಮುಗಿದದ್ದನ್ನು ಓಣಿಯೆಲ್ಲ ನೋಡಿತು. ಆಮೇಲೆ ಚಿಕ್ಕೋಡಿ, ನಿಪ್ಪಾಣಿ ಕಡೆಯ ಓದುಗರ ಪತ್ರಗಳೂ ಬಂದವು. ಮೊಮ್ಮಗನ ಜ್ವರಕ್ಕೆ ಪ್ರಾರ್ಥಿಸು ತಾಯಿ ಎಂದು ಒಬ್ಬರು ಬರೆದಿದ್ದರು.

"ಅವ್ವಾ, ನಾ ಸಿಟ್ಟಿಗೆ ಅಂದಿದ್ದಬೇ ಅದು," ಎಂದಳು ಅಕ್ಕ.

"ಈಗ ಛಾಪಿಸ್ಯಾರಲ್ಲ. ಮಂದಿ ಏನಂದಾರು? ನಿಮ್ಮಪ್ಪ ತಲಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ?"

ನಾನು ಮಾಸ್ತರರ ಬಳಿ ಓಡಿದೆ. "ಅದು ಖರೇ ಅಲ್ರೀ, ಹಂಗಂತ ಇನ್ನೊಮ್ಮೆ ಬರೀರಿ." ಅವರು ನನ್ನ ತಲೆ ನೇವರಿಸಿದರು. "ಅಕ್ಕ ಹೋಗ್ತಾಳಂತ ಸಂಕಟ ಆಗೇತಿ ನಿನಗ. ದೇವರು ಕರದಾನವಾ, ನಾವು ಅಡ್ಡ ಬರಬಾರದು." ಅಪ್ಪನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೇಡಿ ನಾನು.

ಜೂನಿನಲ್ಲಿ ಅಕ್ಕ ಕಾನ್ವೆಂಟಿಗೆ ಹೋದಳು. ಟ್ರಂಕಿನಲ್ಲಿದ್ದ ಅರ್ಜಿಯನ್ನು ಅವ್ವ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿದಳು.

ಈಗ ಆ ಪತ್ರಿಕೆ ಮೊಬೈಲಿಗೆ ಬರುತ್ತದೆ. ಕಟ್ಟೆಯ ಓದು ನಿಂತು ಎಷ್ಟೋ ವರ್ಷವಾಯಿತು. ಪರವೂರಿನ ಸಾವಿಗೆ ಯಾರೂ ಮರುಗುವುದಿಲ್ಲ, ಯಾರ ಸುದ್ದಿಗೂ ಚಪ್ಪಾಳೆ ಬೀಳುವುದಿಲ್ಲ. ಬೇಸರವಾಗುತ್ತದೆ, ಒಳಗೊಳಗೆ ಸಮಾಧಾನವೂ ಆಗುತ್ತದೆ.

ಕಳೆದ ಸಲ ಅಕ್ಕ ರಜೆಗೆ ಬಂದಾಗ, ಆ ಸುದ್ದಿ ಕೊಟ್ಟವಳು ನಾನೇ ಎಂದು ಒಪ್ಪಿಕೊಂಡೆ. ಅವಳು ಬೆಳ್ಳುಳ್ಳಿ ಸುಲಿಯುತ್ತ ಕೇಳಿಸಿಕೊಂಡಳು.

"ನೀ ಸಣ್ಣಾಕಿ ಇದ್ದಿ, ಬಿಡು. ಮಾಸ್ತರ ಬರದ್ರು, ಅಪ್ಪ ಅತ್ರು, ಆಯಿ ಕೈಮುಗದ್ರು. ನಿನಗ ಮನಸೈತೇನು ಅಂತ ಒಬ್ಬರೂ ನನ್ನ ಕೇಳಲಿಲ್ಲ ನೋಡು."

"ಕೇಳಿದ್ರ ಏನಂತಿದ್ದಿ?"

ಅಕ್ಕ ಸುಲಿಯುವುದನ್ನು ನಿಲ್ಲಿಸಿದಳು. "ಹೂಂ ಅಂತಿದ್ನೋ, ಒಲ್ಲೆ ಅಂತಿದ್ನೋ, ಈಗ ನನಗೂ ಗೊತ್ತಾಗವಲ್ದು," ಎಂದಳು.